ಸೊಪ್ಪು ತೆರುವ ಸುಂಕ

ಮಂಚೇನಹಳ್ಳಿಯಿಂದ ಗೌರಿಬಿದನೂರಿನ ಕಡೆಗೋ ಚಿಕ್ಕಬಳ್ಳಾಪುರದ ಕಡೆಗೋ ಹೋಗುವಾಗ, ಬೇಸಿಗೆಯ ಒಂದು ಬೆಳಗ್ಗೆ, ರಸ್ತೆಗೆ ಹೊಂದಿಕೊಂಡ ಹಿಪ್ಪುನೇರಳೆ ತೋಟದ ಪಕ್ಕ ಗಾಡಿ ನಿಲ್ಲಿಸಿ. ತೋಟದವರನ್ನು ಕೇಳಿ ಎರಡು ಎಲೆ ತೆಗೆದುಕೊಳ್ಳಿ. ಒಂದು ರಸ್ತೆ ಅಂಚಿನ ಮೊದಲ ಸಾಲಿನದು, ಇನ್ನೊಂದು ತೋಟದ ನಟ್ಟನಡುವಿನದು. ಎರಡನ್ನೂ ಬಿಳಿ ಬಟ್ಟೆಯ ಮೇಲೆ ಉಜ್ಜಿ ನೋಡಿ. ಟಿಪ್ಪರ್‌ಗಳು ಓಡಾಡುವ ದಾರಿಯಾದರೆ ಮೊದಲ ಎಲೆ ಬಟ್ಟೆಯ ಮೇಲೆ ಬೂದು ಗೆರೆ ಎಳೆಯುತ್ತದೆ.

ರೇಷ್ಮೆ ಹುಳು ಸಾಕುವ ಮನೆಯವರಿಗೆ ಈ ಪರೀಕ್ಷೆ ಬೇಕಿಲ್ಲ. ಸೊಪ್ಪು ಕೊಯ್ಯುವಾಗಲೇ ಅವರ ಬೆರಳಿಗೆ ಗೊತ್ತಾಗಿರುತ್ತದೆ. ದೂಳು ಕೂತ ಸೊಪ್ಪು ಹುಳುವಿಗೆ ಹಿಡಿಸುವುದಿಲ್ಲ, ಅದರಲ್ಲೂ ಎಳೆಯ ಚಾಕಿ ಹುಳುವಿಗೆ ಆಗುವುದೇ ಇಲ್ಲ ಎಂಬುದು ಈ ಸೀಮೆಯಲ್ಲಿ ಯಾರೂ ಪಾಠ ಮಾಡಿ ಕಲಿಸಬೇಕಾದ ವಿಷಯವಲ್ಲ.

ಬಟ್ಟೆಗೆ ಅಂಟಿದ ದೂಳು ಒರೆಸಿದರೆ ಹೋಗುತ್ತದೆ. ಒರೆಸಿದರೂ ಹೋಗದ್ದು ಎಲೆಯ ಒಳಗೆ ನಡೆದಿರುತ್ತದೆ. ಎಲೆಗೆ ಎದ್ದು ಓಡಲು ಕಾಲಿಲ್ಲ, ಬಹಳ ಹೊತ್ತು ಉಸಿರು ಬಿಗಿಹಿಡಿದರೆ ಹಸಿವಿನಿಂದ ಸೊರಗುತ್ತದೆ. ಹಾಗಾಗಿ ಗಾಳಿಯಲ್ಲಿ ಬಂದ ವಿಷಕ್ಕೆ ತನ್ನ ಗಂಟಿನಿಂದಲೇ ಸುಂಕ ತೆತ್ತು ಅದು ಹಸಿರಾಗಿ ಉಳಿಯುತ್ತದೆ. ನಾವು ಹಸಿರನ್ನು ನೋಡಿ ಗಿಡ ಚೆನ್ನಾಗಿದೆ ಎಂದುಕೊಳ್ಳುತ್ತೇವೆ. ಆದರೆ ಗಿಡ ತೆತ್ತ ಸುಂಕ ಅಲ್ಲಿಗೇ ತೀರುವುದಿಲ್ಲ. ಆ ಸೊಪ್ಪನ್ನು ತಿನ್ನುವ ಹುಳುವಿಗೆ, ಹುಳುವನ್ನು ನಂಬಿದ ಮನೆಗೆ ಅದು ದಾಟುತ್ತದೆ.

ಬಾಗಿಲು ತೆರೆದರೂ ಕಷ್ಟ, ಮುಚ್ಚಿದರೂ ಕಷ್ಟ

ಎಲೆ ಉಸಿರಾಡುವುದು ಪತ್ರರಂಧ್ರಗಳಿಂದ. ಕಣ್ಣಿಗೆ ಕಾಣದಷ್ಟು ಸಣ್ಣ ಈ ಬಾಯಿಗಳ ಎರಡು ಕಡೆ ಕಾವಲು ಕೋಶಗಳಿರುತ್ತವೆ. ಅವು ನೀರು ತುಂಬಿಕೊಂಡು ಉಬ್ಬಿದರೆ ಬಾಯಿ ತೆರೆಯುತ್ತದೆ, ನೀರು ಕಳೆದುಕೊಂಡರೆ ಮುಚ್ಚುತ್ತದೆ. ತೆರೆದಾಗ ಇಂಗಾಲದ ಡೈಆಕ್ಸೈಡ್ ಒಳಗೆ ಬಂದು ಬಿಸಿಲಿನ ಬಲದಿಂದ ಸಕ್ಕರೆಯಾಗುತ್ತದೆ. ಅದೇ ಬಾಗಿಲಿನಿಂದ ಡೀಸೆಲ್ ಹೊಗೆಯ ಸಾರಜನಕದ ಆಕ್ಸೈಡ್‌ಗಳು, ಕಲ್ಲಿದ್ದಲು ಹೊಗೆಯ ಗಂಧಕದ ಡೈಆಕ್ಸೈಡ್, ಬಿಸಿಲಲ್ಲಿ ಹುಟ್ಟುವ ಓಝೋನ್ ಕೂಡ ಒಳಗೆ ಬರುತ್ತವೆ. ಬಾಗಿಲಿಗೆ ಜರಡಿಯಿಲ್ಲ.

ವಿಷದ ಸುಳಿವು ಸಿಕ್ಕಾಗ ಅನೇಕ ಗಿಡಗಳು ಬಾಗಿಲನ್ನು ಅರೆ ಮುಚ್ಚುತ್ತವೆ. ನೀರಿಲ್ಲದ ದಿನಗಳಲ್ಲಿ ಬಾಗಿಲು ಮುಚ್ಚಲು ಗಿಡ ಬಳಸುವ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನಿಗೆ ಇಲ್ಲೂ ಪಾಲಿದೆ. ಆದರೆ ಬಾಗಿಲು ಮುಚ್ಚಿದಷ್ಟು ಹೊತ್ತು ಅಡುಗೆಯೂ ನಿಂತಂತೆ. ಸೊಪ್ಪು ತೆಳ್ಳಗಾಗುತ್ತದೆ, ಬೆಳವಣಿಗೆ ಹಿಂದೆ ಬೀಳುತ್ತದೆ.

ಇದರ ಮೇಲೆ ಕಲ್ಲಿನ ದೂಳಿನ ಕಾಟ ಬೇರೆ. ನಂದಿ, ಸ್ಕಂದಗಿರಿಗಳ ಈ ಸೀಮೆ ಗ್ರಾನೈಟ್ ಬಂಡೆಯ ನಾಡು. ಹೊಳೆ ಮರಳು ಸಿಗದಂತಾದ ಮೇಲೆ ಜಲ್ಲಿಗೂ ಎಂ-ಸ್ಯಾಂಡಿಗೂ ಬೇಡಿಕೆ ಏರಿತು, ಕ್ವಾರಿ ಮತ್ತು ಕ್ರಷರ್‌ಗಳ ಸದ್ದೂ ಏರಿತು. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸಿಡಿದು ಆರು ಜನ ಸತ್ತಾಗ ಈ ಕಸುಬಿನ ಅಪಾಯ ರಾಜ್ಯಕ್ಕೆಲ್ಲ ಕೇಳಿಸಿತು. ದಿನದಿನವೂ ಸದ್ದಿಲ್ಲದೆ ಎಲೆಯ ಮೇಲೆ ಕೂರುವ ದೂಳಿನ ಸುದ್ದಿ ಅಷ್ಟು ದೂರ ಹೋಗುವುದಿಲ್ಲ.

ದೂಳು ಪತ್ರರಂಧ್ರಗಳನ್ನು ಮುಚ್ಚಿಬಿಡುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹಿಪ್ಪುನೇರಳೆಯ ಮಟ್ಟಿಗೆ ಅದು ಅರ್ಧ ಸತ್ಯ. ಅದರ ಪತ್ರರಂಧ್ರಗಳಿರುವುದು ಎಲೆಯ ಕೆಳಮೈಯಲ್ಲಿ, ದೂಳು ಹೆಚ್ಚಾಗಿ ಕೂರುವುದು ಮೇಲ್ಮೈಯಲ್ಲಿ. ಅಲ್ಲಿ ಅದು ಮಾಡುವ ದೊಡ್ಡ ಹಾನಿಯೆಂದರೆ ಬೆಳಕನ್ನು ತಡೆಯುವುದು, ಎಲೆಯ ಕಾವು ಏರಿಸುವುದು. ಬೆಳಕು ಕಡಿಮೆಯಾದರೆ ಸಕ್ಕರೆ ಕಡಿಮೆ. ಜೊತೆಗೆ ಇನ್ನೊಂದು ನಷ್ಟವಿದೆ. ವಿಷದೊಡನೆ ಹೋರಾಡಲು ಎಲೆಗೆ ಬೇಕಾದ ಶಕ್ತಿ ಬರುವುದೂ ಅದೇ ಬೆಳಕಿನಿಂದ.

ಹುಳಿ ಬಿದ್ದ ಸೊಪ್ಪು

ಒಳಗೆ ಬಂದ ಅನಿಲ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಅಡುಗೆಮನೆಯಲ್ಲೇ ಸಾಕ್ಷಿಯಿದೆ. ಸೊಪ್ಪು ಬೇಯುವಾಗ ಹುಣಸೆ ಹುಳಿ ಹಾಕಿದರೆ ಅದರ ಹೊಳೆಯುವ ಹಸಿರು ಕಂದಿ ಹೋಗುತ್ತದೆ. ಪತ್ರಹರಿತ್ತಿನ ಪ್ರತಿ ಅಣುವಿನ ನಡುವೆ ಮೆಗ್ನೀಸಿಯಂ ಪರಮಾಣು ಒಂದು ಕೂತಿರುತ್ತದೆ. ಹುಳಿ ಅದನ್ನು ಎಬ್ಬಿಸಿ ಆ ಜಾಗದಲ್ಲಿ ಜಲಜನಕವನ್ನು ಕೂರಿಸುತ್ತದೆ. ಆಗ ಉಳಿಯುವುದು ಫಿಯೊಫೈಟಿನ್ ಎಂಬ ಕಂದು ಹಸಿರಿನ ವಸ್ತು. ಅದು ಪತ್ರಹರಿತ್ತಿನ ಕೆಲಸ ಮಾಡಲಾರದು.

ಗಂಧಕದ ಡೈಆಕ್ಸೈಡ್ ಎಲೆಯೊಳಗಿನ ತೇವದಲ್ಲಿ ಕರಗಿದಾಗ ಸಲ್ಫೈಟ್ ಹುಟ್ಟುತ್ತದೆ, ಹುಳಿಯೂ ಹುಟ್ಟುತ್ತದೆ. ಎಲೆ ಸುಮ್ಮನೆ ಕೂರುವುದಿಲ್ಲ. ಸಲ್ಫೈಟ್ ಆಕ್ಸಿಡೇಸ್ ಎಂಬ ಕಿಣ್ವ ಆ ಸಲ್ಫೈಟನ್ನು ಅಷ್ಟು ಅಪಾಯವಿಲ್ಲದ ಸಲ್ಫೇಟ್ ಮಾಡುತ್ತದೆ. ಸ್ವಲ್ಪವೇ ಬಂದರೆ ಗಿಡ ಅದನ್ನು ಗೊಬ್ಬರದ ಹಾಗೆ ಬಳಸಿಕೊಳ್ಳುವುದೂ ಉಂಟು. ಸಾರಜನಕದ ಡೈಆಕ್ಸೈಡಿನ ಕಥೆಯೂ ಹೀಗೆಯೇ. ಅದು ನೈಟ್ರೇಟ್, ನೈಟ್ರೈಟ್ ಆಗುತ್ತದೆ. ಬೇರಿನಿಂದ ಬಂದ ಯೂರಿಯಾ ಗೊಬ್ಬರದ ಸಾರಜನಕವನ್ನು ಅರಗಿಸುವ ಕಿಣ್ವಗಳೇ ಇದನ್ನೂ ಅರಗಿಸುತ್ತವೆ. ಬರುವ ವೇಗ ಅರಗಿಸುವ ವೇಗವನ್ನು ದಾಟಿದಾಗ ಮಾತ್ರ ಆಹಾರ ವಿಷವಾಗುತ್ತದೆ.

ಓಝೋನಿಗೆ ಇಂಥ ಎರಡು ಮುಖವಿಲ್ಲ. ಅದು ಯಾವ ಕೊಳವೆಯಿಂದಲೂ ನೇರವಾಗಿ ಬರುವುದಿಲ್ಲ. ವಾಹನದ ಹೊಗೆಯ ಸಾರಜನಕ ಆಕ್ಸೈಡ್‌ಗಳು, ಪೆಟ್ರೋಲಿನಂಥ ಆವಿಗಳು ಬಿಸಿಲಲ್ಲಿ ಬೆಂದು ಓಝೋನ್ ಆಗುತ್ತವೆ. ಬೇಯಲು ಹೊತ್ತು ಬೇಕು. ಆ ಹೊತ್ತಿನಲ್ಲಿ ಗಾಳಿ ಊರು ದಾಟಿರುತ್ತದೆ. ಹಾಗಾಗಿ ದೊಡ್ಡ ನಗರದ ಹೊಗೆಯಿಂದ ಹುಟ್ಟಿದ ಓಝೋನ್ ಎಷ್ಟೋ ಸಲ ಹೆಚ್ಚಾಗಿ ಕಾಣಿಸುವುದು ನಗರದಲ್ಲಲ್ಲ, ಗಾಳಿ ಬೀಸುವ ದಿಕ್ಕಿನ ಹೊಲಗಳಲ್ಲಿ. ಎಲೆಯ ಒಳಗೆ ಸೇರಿದ ಕೂಡಲೇ ಅದು ಒಡೆದು ಹೈಡ್ರೋಜನ್ ಪೆರಾಕ್ಸೈಡಿನಂಥ ಉಗ್ರ ಆಮ್ಲಜನಕದ ರೂಪಗಳನ್ನು ಹುಟ್ಟಿಸುತ್ತದೆ. ಜೀವಕೋಶದ ಪೊರೆಯಲ್ಲಿರುವ ಕೊಬ್ಬನ್ನು ಅವು ಸುಡುತ್ತವೆ, ಪ್ರೋಟೀನನ್ನು ಕೆಡಿಸುತ್ತವೆ.

ನೆಲ್ಲಿಕಾಯಿಯ ಗಂಟು

ಈ ಬೆಂಕಿ ಆರಿಸಲು ಎಲೆ ಮೊದಲು ಕೈಹಾಕುವುದು ನಮಗೆಲ್ಲ ಗೊತ್ತಿರುವ ವಸ್ತುವಿಗೇ. ನೆಲ್ಲಿಕಾಯಿಯಲ್ಲಿ, ನುಗ್ಗೆ ಸೊಪ್ಪಿನಲ್ಲಿ ಹೇರಳವಾಗಿರುವ ಸಿ ಜೀವಸತ್ವ, ಅಂದರೆ ಆಸ್ಕಾರ್ಬಿಕ್ ಆಮ್ಲ ಅದು. ನಮ್ಮ ಆರೋಗ್ಯಕ್ಕೆಂದು ಗಿಡ ಅದನ್ನು ಕೂಡಿಡುವುದಿಲ್ಲ, ತನ್ನ ರಕ್ಷಣೆಗೆ ಕೂಡಿಡುತ್ತದೆ. ಓಝೋನ್ ಜೀವಕೋಶದ ಪೊರೆ ಮುಟ್ಟುವ ಮೊದಲೇ ಕೋಶದ ಗೋಡೆಯ ತೇವದಲ್ಲಿರುವ ಆಸ್ಕಾರ್ಬಿಕ್ ಆಮ್ಲ ಮುಂದೆ ಬಂದು ತಾನು ಉತ್ಕರ್ಷಣಗೊಂಡು ಪೊರೆಯನ್ನು ಉಳಿಸುತ್ತದೆ. ಒಳಗೆ ನುಸುಳಿದ್ದನ್ನು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಕೆಟಲೇಸ್, ಪೆರಾಕ್ಸಿಡೇಸ್ ಎಂಬ ಕಿಣ್ವಗಳು ಎದುರಿಸುತ್ತವೆ. ಪ್ರೋಲೀನ್ ಎಂಬ ಅಮೈನೋ ಆಮ್ಲವನ್ನೂ ಗಿಡ ಇಂಥ ಕಷ್ಟಕಾಲದಲ್ಲಿ ಕೂಡಿಸಿಕೊಳ್ಳುತ್ತದೆ.

ಖರ್ಚಾದ ಆಸ್ಕಾರ್ಬಿಕ್ ಆಮ್ಲವನ್ನು ಗ್ಲುಟಥಯೋನ್ ಎಂಬ ಇನ್ನೊಂದು ವಸ್ತುವಿನ ನೆರವಿನಿಂದ ಎಲೆ ಮತ್ತೆ ಮೊದಲಿನಂತೆ ಮಾಡಿಕೊಳ್ಳುತ್ತದೆ. ಈ ಚಕ್ರಕ್ಕೆ ಬ್ರಿಟನ್ನಿನ ಕ್ರಿಸ್ಟೀನ್ ಫೋಯರ್ ಮತ್ತು ಬ್ಯಾರಿ ಹ್ಯಾಲಿವೆಲ್, ಜಪಾನಿನ ಕೋಜಿ ಅಸಾದಾ ಅವರ ಹೆಸರಿದೆ. ಚಕ್ರ ತಿರುಗಲು ಬೇಕಾದ ಶಕ್ತಿ ಹಗಲಿನಲ್ಲಿ ಹೆಚ್ಚಾಗಿ ಬಿಸಿಲಿನಿಂದ ಬರುತ್ತದೆ. ದೂಳು ಮತ್ತು ಹೊಗೆ ಎರಡೂ ಇರುವ ಕಡೆ ಗಿಡಕ್ಕೆ ಎರಡು ಪಟ್ಟು ಪೆಟ್ಟು ಬೀಳುವುದು ಇದಕ್ಕೇ. ಹೊಗೆ ಗಂಟು ಕರಗಿಸುತ್ತದೆ, ಗಂಟು ತುಂಬುವ ಬೆಳಕಿಗೆ ದೂಳು ಅಡ್ಡ ನಿಲ್ಲುತ್ತದೆ.

ಯಾವ ಗಿಡ ಎಷ್ಟು ತಾಳಿಕೊಳ್ಳುತ್ತದೆ ಎಂದು ಅಳೆಯಲು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಸ್.ಕೆ. ಸಿಂಗ್ ಮತ್ತು ಡಿ.ಎನ್. ರಾವ್ 1983ರಲ್ಲಿ ಒಂದು ಸೂತ್ರ ಕೊಟ್ಟರು. ಒಂದು ಗ್ರಾಂ ಎಲೆಯಲ್ಲಿ ಎಷ್ಟು ಮಿಲಿಗ್ರಾಂ ಆಸ್ಕಾರ್ಬಿಕ್ ಆಮ್ಲ, ಎಷ್ಟು ಮಿಲಿಗ್ರಾಂ ಪತ್ರಹರಿತ್ತು, ಎಲೆರಸದ ಪಿಎಚ್ ಎಷ್ಟು, ಎಲೆ ಹಿಡಿದಿಟ್ಟುಕೊಂಡ ನೀರು ಶೇಕಡಾ ಎಷ್ಟು ಎಂಬ ನಾಲ್ಕೇ ಅಳತೆ ಸಾಕು. ಪತ್ರಹರಿತ್ತು ಮತ್ತು ಪಿಎಚ್ ಕೂಡಿಸಿ, ಅದನ್ನು ಆಸ್ಕಾರ್ಬಿಕ್ ಆಮ್ಲದಿಂದ ಗುಣಿಸಿ, ಬಂದದ್ದಕ್ಕೆ ನೀರಿನ ಪ್ರಮಾಣ ಸೇರಿಸಿ ಹತ್ತರಿಂದ ಭಾಗಿಸಬೇಕು. ಲೆಕ್ಕ ತಿಳಿಯಲೆಂದು ಒಂದು ಎಲೆಯನ್ನು ಊಹಿಸಿಕೊಳ್ಳೋಣ. ಆಸ್ಕಾರ್ಬಿಕ್ ಆಮ್ಲ 5, ಪತ್ರಹರಿತ್ತು 2, ಪಿಎಚ್ 6, ನೀರು 80. ಬರುವ ಉತ್ತರ 12. ಉಳಿದದ್ದೆಲ್ಲ ಹಾಗೇ ಇದ್ದು ಆಸ್ಕಾರ್ಬಿಕ್ ಆಮ್ಲ ಮಾತ್ರ 10 ಆದರೆ ಉತ್ತರ 16. ಸೂತ್ರದಲ್ಲಿ ಆಸ್ಕಾರ್ಬಿಕ್ ಆಮ್ಲವನ್ನು ಗುಣಕವಾಗಿ ಇಟ್ಟಿರುವುದೇ ಅದರ ತೂಕ ಎಷ್ಟೆಂದು ಹೇಳುತ್ತದೆ.

ಈಗ ಹುಳುವಿನ ಕಡೆಯಿಂದ ನೋಡಿ. ರೇಷ್ಮೆ ಹುಳುವಿನ ಬೆಳವಣಿಗೆಗೂ ಆಸ್ಕಾರ್ಬಿಕ್ ಆಮ್ಲ ಬೇಕು. ಅದಕ್ಕೆಂದು ತಯಾರಿಸುವ ಕೃತಕ ಆಹಾರದಲ್ಲಿ ಅದನ್ನು ಬೆರೆಸುತ್ತಾರೆ. ಹುಳು ನೂಲುವ ರೇಷ್ಮೆಯ ಪ್ರೋಟೀನಿನ ಬಹುಪಾಲು ಬರುವುದು ಎಲೆಯ ಪ್ರೋಟೀನಿನಿಂದ. ಗಾಳಿಯ ವಿಷಕ್ಕೆ ಎಲೆ ತೆತ್ತದ್ದು ಹುಳುವಿನ ತಟ್ಟೆಯಿಂದ ತೆಗೆದು ಕೊಟ್ಟಂತೆಯೇ.

ಹುಳು ಮೊದಲು ಅರಿಯುವ ವಿಷ

ಚಿಕ್ಕಬಳ್ಳಾಪುರ ಸೀಮೆಯ ಜನಕ್ಕೆ ಫ್ಲೋರೈಡ್ ಎಂಬ ಹೆಸರು ಹೊಸದಲ್ಲ. ಬಂಡೆಯ ಆಳದಿಂದ ಎತ್ತಿದ ಕೊಳವೆಬಾವಿ ನೀರು ಕುಡಿದು ಹಲ್ಲು ಕಂದಾದವರು, ಕೀಲು ಹಿಡಿದವರು ಇಲ್ಲಿ ಬಹಳ. ಅದೇ ಫ್ಲೋರಿನ್ ಗಾಳಿಯಲ್ಲಿ ಬಂದರೆ ಮೊದಲು ನರಳುವುದು ಮನುಷ್ಯನಲ್ಲ, ರೇಷ್ಮೆ ಹುಳು.

ಜೇಡಿಮಣ್ಣಿನಲ್ಲಿ ಫ್ಲೋರಿನ್ ಅಡಗಿರುತ್ತದೆ. ಇಟ್ಟಿಗೆ ಸುಡುವಾಗ ಅದು ಹೈಡ್ರೋಜನ್ ಫ್ಲೋರೈಡ್ ಅನಿಲವಾಗಿ ಹೊರಬರುತ್ತದೆ. ಪತ್ರರಂಧ್ರದಿಂದ ಒಳಗೆ ಸೇರಿ, ನೀರಿನ ಹರಿವಿನೊಡನೆ ಸಾಗಿ, ನೀರು ಆವಿಯಾಗುವ ಅಂಚಿಗೆ, ತುದಿಗೆ ಹೋಗಿ ಕೂಡಿಕೊಳ್ಳುತ್ತದೆ. ಫ್ಲೋರೈಡಿಗೆ ನಾಜೂಕಾದ ಗಿಡಗಳಲ್ಲಿ ಎಲೆಯ ತುದಿ ಮತ್ತು ಅಂಚು ಸುಟ್ಟಂತಾಗುವುದು ಹೀಗೆ. ಹಿಪ್ಪುನೇರಳೆಯ ತೊಡಕು ಇದಕ್ಕಿಂತ ಆಳವಾದದ್ದು. ಎಲೆ ನೋಡಲು ಚೆನ್ನಾಗಿಯೇ ಇರುವಾಗ, ಅದರಲ್ಲಿ ಕೂಡಿದ ಫ್ಲೋರೈಡ್ ಹುಳುವಿಗೆ ಮಾರಕವಾಗಿರಬಹುದು. ಒಣಗಿಸಿದ ಒಂದು ಕಿಲೋ ಎಲೆಯಲ್ಲಿ ಸುಮಾರು 30 ಮಿಲಿಗ್ರಾಂ ದಾಟಿದರೆ ಹುಳುವಿಗೆ ಅಪಾಯ ಎಂಬುದು ರೇಷ್ಮೆ ನಾಡುಗಳು ಒಪ್ಪಿದ ಮಿತಿ. ಹುಳುಗಳು ಸೊಪ್ಪು ಬಿಡುತ್ತವೆ, ಒಂದೇ ತಟ್ಟೆಯಲ್ಲಿ ದೊಡ್ಡದು ಚಿಕ್ಕದಾಗಿ ಏರುಪೇರು ಬೆಳೆಯುತ್ತವೆ, ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತವು ಒಟ್ಟಿಗೆ ಏಳುವುದಿಲ್ಲ. ಇವನ್ನೆಲ್ಲ ನೋಡಿದವರು ಸಪ್ಪೆ ರೋಗ ಬಂದಿತೇನೋ ಎಂದುಕೊಂಡರೆ ಅಚ್ಚರಿಯಿಲ್ಲ.

ಚೀನಾದ ಝೆಜಿಯಾಂಗ್ ಪ್ರಾಂತ್ಯ ಇದನ್ನು ಕಷ್ಟಪಟ್ಟು ಕಲಿತಿತು. 1980ರ ದಶಕದ ಆರಂಭದಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಇಟ್ಟಿಗೆ ಗೂಡುಗಳು ಹೆಚ್ಚಿದಂತೆ ಹುಳು ಬೆಳೆ ದೊಡ್ಡ ಪ್ರಮಾಣದಲ್ಲಿ ನಷ್ಟವಾಯಿತು. ಕಾರಣ ಫ್ಲೋರೈಡ್ ಎಂದು ಗೊತ್ತಾದ ಮೇಲೆ ಹುಳು ಸಾಕುವ ಋತುವಿನಲ್ಲಿ ಇಟ್ಟಿಗೆ ಗೂಡುಗಳ ಬೆಂಕಿ ಆರಿಸುವ ಕ್ರಮ ತಂದರು. ಎರಡು ಕಸುಬುಗಳು ಒಂದೇ ನೆಲದಲ್ಲಿ ಬದುಕಬೇಕಾದರೆ ಪಂಚಾಂಗ ಹಂಚಿಕೊಳ್ಳಬೇಕಾಗುತ್ತದೆ ಎಂಬ ಸರಳ ತಿಳಿವು ಅದು. ಇಟ್ಟಿಗೆ, ಹೆಂಚಿಗೆ ಹೆಸರಾದ ಮಾಲೂರು ಮತ್ತು ರೇಷ್ಮೆ ಗೂಡಿಗೆ ಹೆಸರಾದ ಶಿಡ್ಲಘಟ್ಟ ಅಕ್ಕಪಕ್ಕದ ಜಿಲ್ಲೆಗಳಲ್ಲಿರುವ ನಮ್ಮ ನಾಡಿಗೂ ಆ ತಿಳಿವು ಬೇಕು.

2009ರಲ್ಲಿ ಹೊರಬಂದ ನಮ್ಮ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡದಲ್ಲಿ ಹನ್ನೆರಡು ಮಾಲಿನ್ಯಕಾರಕಗಳ ಪಟ್ಟಿಯಿದೆ. ದೂಳು, ಗಂಧಕದ ಡೈಆಕ್ಸೈಡ್, ಓಝೋನ್, ಸೀಸ ಎಲ್ಲ ಅದರಲ್ಲಿವೆ. ಫ್ಲೋರೈಡ್ ಇಲ್ಲ. ಪಟ್ಟಿ ಮಾಡಿರುವುದು ಮನುಷ್ಯನ ಉಸಿರನ್ನು ಮುಖ್ಯವಾಗಿ ನೆನೆದು. ಹುಳುವಿನ ಹೊಟ್ಟೆಯನ್ನು ನೆನೆದು ಮಾಡುವ ಪಟ್ಟಿಯೊಂದು ರೇಷ್ಮೆ ಜಿಲ್ಲೆಗಳಿಗಾದರೂ ಬೇಕಾಗಿದೆ.

ಎಲೆ ಕೊಟ್ಟ ಮೊದಲ ಸಾಕ್ಷಿ

ಗಾಳಿ ಕೆಟ್ಟಿದೆ ಎಂದು ಯಂತ್ರಕ್ಕಿಂತ ಮೊದಲು ಎಲೆ ಹೇಳಿದ ಪ್ರಸಂಗ ಅಮೆರಿಕದ ಲಾಸ್ ಏಂಜಲೀಸಿನದು. 1944ರ ಹೊತ್ತಿಗೆ ಅಲ್ಲಿನ ತರಕಾರಿ ಹೊಲಗಳಲ್ಲಿ ಸೊಪ್ಪಿನ ಎಲೆಗಳ ಕೆಳಮೈ ಬೆಳ್ಳಿ ಬಳಿದಂತೆ ಹೊಳೆಯತೊಡಗಿತು. ಯಾವ ಕೀಟ, ಯಾವ ಶಿಲೀಂಧ್ರವೂ ಸಿಗಲಿಲ್ಲ. ಮುಂದೆ ಅನಾನಸಿನ ಪರಿಮಳವನ್ನು ವಿಶ್ಲೇಷಿಸುತ್ತಿದ್ದ ಆರಿ ಹಾಗನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ ಊರಿನ ಹೊಗೆಮಂಜನ್ನು ಕೈಗೆತ್ತಿಕೊಂಡರು. ವಾಹನ ಮತ್ತು ತೈಲ ಶುದ್ಧೀಕರಣದ ಆವಿಗಳು ಬಿಸಿಲಲ್ಲಿ ಓಝೋನ್ ಆಗುತ್ತವೆಂದು ತೋರಿಸಿದರು. ಪ್ರಯೋಗಾಲಯದಲ್ಲಿ ಅಂಥದ್ದೇ ಹೊಗೆಮಂಜನ್ನು ಹುಟ್ಟಿಸಿ ಗಿಡಗಳಿಗೆ ಹಾಯಿಸಿದಾಗ ಹೊಲದಲ್ಲಿ ಕಂಡ ಗಾಯವೇ ಎಲೆಗಳಲ್ಲಿ ಮೂಡಿತು.

1958ರಲ್ಲಿ ಕ್ಯಾಲಿಫೋರ್ನಿಯಾದ ದ್ರಾಕ್ಷಿ ಎಲೆಗಳ ಮೇಲಿನ ಕಂದು ಚುಕ್ಕೆಗಳಿಗೂ ಓಝೋನ್ ಕಾರಣ ಎಂದು ವಿಜ್ಞಾನಿಗಳು ಬರೆದರು. 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಬೆಳೆಯುವ ಚಿಕ್ಕಬಳ್ಳಾಪುರದವರು ಈ ಚುಕ್ಕೆಗಳ ಲಕ್ಷಣವನ್ನು ತಿಳಿದಿರುವುದು ಒಳ್ಳೆಯದು. ಓಝೋನಿನ ಚುಕ್ಕೆಗಳು ಬಹಳ ಸಣ್ಣವು, ಮೊದಲು ಹಳೆಯ ಎಲೆಗಳ ಮೇಲ್ಮೈಯಲ್ಲಿ ಬರುತ್ತವೆ, ನರಗಳನ್ನು ಬಿಟ್ಟು ನಡುವಿನ ಜಾಗದಲ್ಲಿ ಕೂರುತ್ತವೆ. ಔಷಧಿ ಹೊಡೆದರೂ ಅವು ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿ ಕೊಲ್ಲಬೇಕಾದ ಜೀವಿ ಯಾವುದೂ ಇರುವುದಿಲ್ಲ.

ಅರಳಿ, ನೀಲಗಿರಿ ಮತ್ತು ಬೇಲಿ

ಗಿಡ ನೆಟ್ಟರೆ ಗಾಳಿ ಶುದ್ಧವಾಗುತ್ತದೆ ಎಂಬ ಮಾತು ನಿಜ, ಆದರೆ ಯಾವ ಗಿಡ ಎಂದು ಕೇಳಬೇಕು. ಬನಾರಸಿನ ಸೂತ್ರ ಹಿಡಿದು ನಮ್ಮ ನಗರಗಳಲ್ಲಿ ನಡೆದ ಹಲವು ಅಧ್ಯಯನಗಳಲ್ಲಿ ಅರಳಿ, ಮಾವು ಮೇಲಿನ ಸಾಲಿನಲ್ಲಿ ನಿಂತಿವೆ. ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥ, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳು ಗುಂಡಿಗೆ ಎದೆಯೊಡ್ಡಿದ ಆ ನೆಲ, ತನ್ನ ಹೆಸರಲ್ಲೇ ಅರಳಿಯನ್ನು ಹೊತ್ತಿದೆ. ಅರಳಿಕಟ್ಟೆ ಕಟ್ಟಿ ನಾಗರಕಲ್ಲು ನಿಲ್ಲಿಸಿದ ಹಿರಿಯರು ಆಸ್ಕಾರ್ಬಿಕ್ ಆಮ್ಲ ಅಳೆದವರಲ್ಲ. ಆದರೂ ಊರ ನಡುವೆ ಉಳಿಸಿಕೊಳ್ಳಲು ಅವರು ಆರಿಸಿದ ಮರ ಗಟ್ಟಿಯಾದದ್ದೇ.

ನೀಲಗಿರಿಯ ಮಾತು ಬೇರೆ. 1790ರ ಸುಮಾರಿಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟದ ತೋಟಕ್ಕೆ ಬಂದ ಈ ಮರ ಮುಂದೆ ಈ ಸೀಮೆಯ ಹೊಲಗಳನ್ನೇ ತುಂಬಿತು. ಅಂತರ್ಜಲ ಕುಡಿಯುತ್ತದೆಂಬ ದೂರು ಎಲ್ಲರಿಗೂ ಗೊತ್ತು. ಗಾಳಿಯ ರಸಾಯನದಲ್ಲೂ ಅದರದ್ದೊಂದು ಪಾತ್ರವಿದೆ. ಬಿಸಿಲಿನ ತಾಪದಿಂದ ತನ್ನನ್ನು ಕಾಪಾಡಿಕೊಳ್ಳಲು ನೀಲಗಿರಿ ಐಸೋಪ್ರೀನ್ ಎಂಬ ಆವಿಯನ್ನು ಹೇರಳವಾಗಿ ಬಿಡುತ್ತದೆ. ಶುದ್ಧ ಗಾಳಿಯಲ್ಲಿ ಅದರಿಂದ ತೊಂದರೆಯಿಲ್ಲ. ವಾಹನದ ಹೊಗೆ ಬೆರೆತ ಗಾಳಿಯಲ್ಲಿ ಅದೇ ಆವಿ ಓಝೋನ್ ಹುಟ್ಟಲು ಸೌದೆಯಾಗುತ್ತದೆ. ಮರದ ತಪ್ಪು ಅದಲ್ಲ, ಹೊಗೆ ನಮ್ಮದು.

ಹಾಗಾಗಿ ರಸ್ತೆ ಬದಿಯ ತೋಟಗಳಿಗೆ ಹೊಂಗೆ, ಬೇವು, ಮಾವಿನಂಥ ದಟ್ಟ ಎಲೆಯ ಮರಗಳ ಬೇಲಿ ಒಳ್ಳೆಯದು, ಹಿಪ್ಪುನೇರಳೆಗೆ ನೆರಳು ಬೀಳದಷ್ಟು ದೂರ ಬಿಟ್ಟು. ಹೊಗೆಸೊಪ್ಪಿನ ಹೊಲದಿಂದ ರೇಷ್ಮೆ ತೋಟ ದೂರವಿರಲಿ ಎಂದು ರೇಷ್ಮೆ ಇಲಾಖೆಯವರು ಹಿಂದಿನಿಂದ ಹೇಳುತ್ತಾರಲ್ಲ, ದೂಳಿನ ರಸ್ತೆಗೂ ಅದೇ ಬುದ್ಧಿ. ಅಂಚಿನ ಸಾಲುಗಳ ಸೊಪ್ಪನ್ನು ಚಾಕಿ ಹುಳುವಿಗೆ ಹಾಕದಿರುವುದು, ಕೊಯ್ಯುವ ಹಿಂದಿನ ದಿನ ಗಿಡದ ಮೇಲೇ ನೀರು ಚಿಮುಕಿಸಿ ಎಲೆ ಪೂರಾ ಆರಿದ ಮೇಲೆ ಕೊಯ್ಯುವುದು ಕೈಯಲ್ಲಿರುವ ಉಪಾಯಗಳು. ಒದ್ದೆ ಸೊಪ್ಪು ಹಾಕಿದರೆ ರೋಗ ಕರೆದಂತೆ.

ಇಷ್ಟನ್ನೂ ರೈತ ಮಾಡಬಲ್ಲ. ದೂಳು ಏಳದಂತೆ ಮಾಡುವುದು ಅವನ ಕೆಲಸವಲ್ಲ. ಕ್ರಷರಿನ ಬೆಲ್ಟಿಗೆ ಮುಚ್ಚಳ, ಜಲ್ಲಿ ರಾಶಿಗೆ ನೀರು, ಟಿಪ್ಪರಿಗೆ ಟಾರ್ಪಾಲು, ವಸತಿ ಮತ್ತು ರಸ್ತೆಯಿಂದ ದೂರ ಇವು ಕ್ರಷರ್ ನಡೆಸುವವರ ಹೊಣೆ. 2011ರಲ್ಲಿ ರಾಜ್ಯ ಕ್ರಷರ್ ನಿಯಂತ್ರಣಕ್ಕೆಂದೇ ಕಾಯ್ದೆ ಮಾಡಿದೆ. ಅದು ಹೊಲದ ಅಂಚಿನವರೆಗೂ ಬಂದು ನಿಲ್ಲಬೇಕು.

ಲೆಕ್ಕ ಯಾರ ಪುಸ್ತಕದಲ್ಲಿ

ಹಣ್ಣಾದ ಹುಳು ಚಂದ್ರಿಕೆ ಏರಿ ಗೂಡು ಕಟ್ಟಿದ ಮೇಲೆ, ಬಿಡಿಸಿದ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಬಂದಾಗ ಹಗುರಾಗಿದ್ದರೆ ಬೆಲೆ ಇಳಿಯುತ್ತದೆ. ಮನೆಯವರು ಮೊಟ್ಟೆಯನ್ನು ದೂರುತ್ತಾರೆ, ಹವೆಯನ್ನು ದೂರುತ್ತಾರೆ, ಕೊನೆಗೆ ತಮ್ಮ ಕೈಗುಣವನ್ನೇ ದೂರಿಕೊಳ್ಳುತ್ತಾರೆ. ಕಾರಣ ಅವುಗಳಲ್ಲೊಂದೇ ಇರಬಹುದು. ಸೊಪ್ಪಿನಲ್ಲೂ ಇರಬಹುದು. ಪರೀಕ್ಷೆಯಿಲ್ಲದೆ ಯಾರೂ ಹೇಳಲಾರರು.

ಪ್ರತಿ ಹಳ್ಳಿಗೊಂದು ವಾಯುಮಾಪನ ಕೇಂದ್ರ ಕಟ್ಟಲಾಗದು. ಆದರೆ ಪ್ರತಿ ಹಳ್ಳಿಯಲ್ಲೂ ಎಲೆಯಿದೆ. ಚಿಂತಾಮಣಿಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕೃಷಿ ಮಹಾವಿದ್ಯಾಲಯವಿದೆ. ಈ ತೋಟಗಳನ್ನು ತುಂಬಿರುವ ವಿ-1 ಹಿಪ್ಪುನೇರಳೆ ತಳಿಯನ್ನು ಕೊಟ್ಟ ಕೇಂದ್ರೀಯ ಸಂಸ್ಥೆ ಮೈಸೂರಿನಲ್ಲಿದೆ. ಎಲೆಯ ಫ್ಲೋರೈಡ್ ಅಳೆಯಲು ಇಂಥ ಕಡೆಯ ಪ್ರಯೋಗಾಲಯ ಬೇಕು. ಬನಾರಸಿನ ಸೂತ್ರದ ನಾಲ್ಕು ಅಳತೆಗಳಿಗೆ ಅಷ್ಟೂ ಬೇಡ. ಎಲೆ ತೂಗಲು ಒಂದು ತಕ್ಕಡಿ, ರಸಕ್ಕೆ ಪಿಎಚ್ ಮೀಟರ್, ಪತ್ರಹರಿತ್ತು ಬಿಡಿಸಲು ಅಸಿಟೋನ್ ಮತ್ತು ಕಲರಿಮೀಟರ್, ಆಸ್ಕಾರ್ಬಿಕ್ ಆಮ್ಲಕ್ಕೆ ಬ್ಯುರೆಟ್ ಇದ್ದರೆ ಕಾಲೇಜಿನ ಮಕ್ಕಳು ಮಾಡಬಲ್ಲರು. ನಂಬುವ ಮೊದಲು ಪ್ರಶ್ನೆ ಕೇಳಬೇಕೆಂದು ಬದುಕಿನುದ್ದಕ್ಕೂ ಹೇಳಿದ ಎಚ್. ನರಸಿಂಹಯ್ಯನವರು ಹುಟ್ಟಿದ ಹೊಸೂರು ಇದೇ ಗೌರಿಬಿದನೂರು ಸೀಮೆಯದು. ಇಲ್ಲಿನ ಮಕ್ಕಳು ರಸ್ತೆಯ ಸಾಲಿನ ಎಲೆಗೂ ತೋಟದ ನಡುವಿನ ಎಲೆಗೂ ಇರುವ ಅಂತರವನ್ನು ಪ್ರತಿ ತಿಂಗಳು ಅಳೆದು ಬರೆದಿಟ್ಟರೆ, ಎರಡು ಮೂರು ವರ್ಷದಲ್ಲಿ ಅದು ಯಾವ ಕಚೇರಿಯೂ ತಳ್ಳಿಹಾಕಲಾಗದ ದಾಖಲೆಯಾಗುತ್ತದೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲ ಎಂಬ ಗಾದೆಯಿದೆ. ರಸೀದಿ ತೋರಿಸಿದರೆ ಮಾತು ಬೇರೆ. ಇಷ್ಟು ಆಸ್ಕಾರ್ಬಿಕ್ ಆಮ್ಲ ಹೋಯಿತು, ಇಷ್ಟು ಹಸಿರು ಕಳೆಯಿತು, ಇಷ್ಟು ವಿಷ ಕೂಡಿತು ಎಂದು ಎಲೆ ಪ್ರತಿದಿನ ರಸೀದಿ ಬರೆಯುತ್ತಲೇ ಇದೆ. ಅದನ್ನು ಓದಿ ಇಟ್ಟುಕೊಂಡರೆ, ಇಷ್ಟು ಕಾಲ ಹುಳು ಸಾಕುವ ಮನೆಯ ಪುಸ್ತಕದಲ್ಲಿ ನಷ್ಟವೆಂದು ಬಿದ್ದದ್ದನ್ನು ದೂಳು ಎಬ್ಬಿಸಿದವರ ಪುಸ್ತಕಕ್ಕೆ ಬರೆಸಲು ಸಾಧ್ಯ.